ಮೂರು ವರ್ಷದ ಕರಾರು

ಒಂದು ವಾರದ ಮಟ್ಟಿಗೆ ಆಫ್ರಿಕಾಕ್ಕೋ ಲ್ಯಾಟಿನ್ ಅಮೆರಿಕಕ್ಕೋ ಹೋಗಿ, ಶಾಲೆಯೊಂದರ ಗೋಡೆಗೆ ಬಣ್ಣ ಬಳಿದು, ಅಲ್ಲಿಯ ಊಟ ಉಂಡು, ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಬರುವ ಮಿಷನರಿ ದಂಪತಿಗಳು ಈಗ ಬಹಳ. ತಪ್ಪೇನಿಲ್ಲ, ಹೋಗದವರಿಗಿಂತ ಹೋದವರು ವಾಸಿ. ಆದರೆ ಇಥಿಯೋಪಿಯದ ರಾಜಧಾನಿ ಅಡಿಸ್ ಅಬಾಬದಲ್ಲಿರುವ ಫಿಸ್ಟುಲಾ ಆಸ್ಪತ್ರೆಯ ಕಥೆ ಓದಿದ ಮೇಲೆ ಆ ಫೋಟೊಗಳು ಯಾಕೋ ಸಪ್ಪೆ ಅನ್ನಿಸುತ್ತವೆ.

1958ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಒಂದು ಜಾಹೀರಾತು ಬಂದಿತ್ತು. ಅಡಿಸ್ ಅಬಾಬದ ರಾಜಕುಮಾರಿ ತ್ಸೆಹಾಯ್ ಆಸ್ಪತ್ರೆಯಲ್ಲಿ ಸೂಲಗಿತ್ತಿ ಶಾಲೆ ತೆರೆಯಲು ಸ್ತ್ರೀರೋಗ ತಜ್ಞರು ಬೇಕಾಗಿದ್ದಾರೆ ಎಂದು. ಅರ್ಜಿ ಹಾಕಿದವರು ಸಿಡ್ನಿಯ ಆಸ್ಪತ್ರೆಯೊಂದರಲ್ಲಿ ಪರಿಚಯವಾಗಿ ಮದುವೆಯಾಗಿದ್ದ ಇಬ್ಬರು ವೈದ್ಯರು: ನ್ಯೂಜಿಲೆಂಡಿನ ರೆಜಿನಾಲ್ಡ್ ಹ್ಯಾಮ್ಲಿನ್, ಆಸ್ಟ್ರೇಲಿಯಾದ ಕ್ಯಾಥರೀನ್. ಇಬ್ಬರೂ ಗಾಢ ದೈವಭಕ್ತರು. ಮಿಷನ್ನಿನ ಸಂಬಳದಲ್ಲಿ ಹೋದವರಲ್ಲವಾದರೂ ಇದು ದೇವರು ಹಚ್ಚಿದ ಕೆಲಸವೆಂದೇ ನಂಬಿದವರು. ಕರಾರು ಮೂರು ವರ್ಷದ್ದು. 1959ರಲ್ಲಿ ಆರು ವರ್ಷದ ಮಗನನ್ನು ಕಟ್ಟಿಕೊಂಡು ಬಂದಿಳಿದರು.

ಆವರೆಗೆ ಅವರು ಫಿಸ್ಟುಲಾ ರೋಗಿಯನ್ನು ಕಣ್ಣಾರೆ ಕಂಡಿರಲಿಲ್ಲ. ಹೆರಿಗೆ ಅಡ್ಡಬಿದ್ದು ದಿನಗಟ್ಟಲೆ ಎಳೆದಾಗ ಮಗುವಿನ ತಲೆ ತಾಯಿಯ ಮೂತ್ರಕೋಶವನ್ನು ಸೊಂಟದ ಎಲುಬಿಗೆ ಒತ್ತಿ ಹಿಡಿಯುತ್ತದೆ. ರಕ್ತ ಹರಿಯದೆ ಆ ಭಾಗದ ಮಾಂಸ ಸತ್ತು ಉದುರಿ, ತೂತು ಬೀಳುತ್ತದೆ. ಅದೇ ಫಿಸ್ಟುಲಾ. ಮಗು ಬಹುಪಾಲು ಉಳಿಯುವುದಿಲ್ಲ. ತಾಯಿಗೆ ಹಗಲೂ ರಾತ್ರಿ ಮೂತ್ರ ಸೋರಿಕೆ, ಕೆಲವರಿಗೆ ಮಲವೂ. ವಾಸನೆಗೆ ಹೆದರಿ ಅವಳು ನೀರು ಕುಡಿಯುವುದನ್ನೇ ಬಿಡುತ್ತಾಳೆ; ಆಗ ಮೂತ್ರ ಗಟ್ಟಿಯಾಗಿ ವಾಸನೆ ಇನ್ನೂ ಹೆಚ್ಚುತ್ತದೆ, ಚರ್ಮ ಹುಣ್ಣಾಗುತ್ತದೆ. ಗಂಡ ತವರಿಗೆ ಅಟ್ಟುತ್ತಾನೆ, ತವರಿನವರು ಮನೆಯಾಚೆ ಗುಡಿಸಲು ಹಾಕಿಕೊಡುತ್ತಾರೆ. ಹೀಗೆ ಮೂಲೆಯಲ್ಲಿ ಮುದುಡಿ ಮಲಗಿ ಮಲಗಿ ಕಾಲು ಸೆಟೆದುಹೋದವರೂ ಉಂಟು. ಅಂಥವರಿಗೆ ಆಪರೇಷನ್ನಿಗಿಂತ ಮೊದಲು ಕಾಲು ನೀಡುವುದನ್ನು ಕಲಿಸಬೇಕು.

1962ರಲ್ಲಿ ಹೀಗೆ ಬಂದವಳು ಮಾಮಿಟು ಗಾಶೆ. ನಿಜ ಹೇಳಬೇಕೆಂದರೆ ಈ ಲೇಖನಕ್ಕೆ ಕಾರಣ ಹ್ಯಾಮ್ಲಿನ್ ದಂಪತಿಗಿಂತ ಹೆಚ್ಚಾಗಿ ಈಕೆ. ವಯಸ್ಸು ಹದಿನಾರರ ಆಸುಪಾಸು. ಹಳ್ಳಿಯವಳು, ಅಕ್ಷರ ಕಂಡವಳಲ್ಲ. ಮಗು ಸತ್ತಿತ್ತು, ಒಳಗೆಲ್ಲ ಛಿದ್ರವಾಗಿತ್ತು. ಒಂದು ಆಪರೇಷನ್ನಿಗೆ ಮುಗಿಯುವ ಗಾಯ ಅದಾಗಿರಲಿಲ್ಲ. ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆಗೆ ಕಾಯುತ್ತ ಸುಮ್ಮನೆ ಕೂರಲಾಗದೆ ವಾರ್ಡಿನಲ್ಲಿ ಹಾಸಿಗೆ ಸರಿಮಾಡತೊಡಗಿದಳು. ಹೊಸದಾಗಿ ಬಂದು ಅಳುತ್ತ ಕೂತವರ ಪಕ್ಕ ಕೂರುವುದೂ ಅವಳೇ. ಡಾಕ್ಟರು ಹೇಳಿದ ಹತ್ತು ಮಾತಿಗಿಂತ, ಅದೇ ಸಂಕಟ ಉಂಡವಳು ಹೇಳಿದ ಒಂದು ಮಾತು ಹೆಚ್ಚು ನಾಟುತ್ತದಲ್ಲವೇ?

ರೆಜಿನಾಲ್ಡ್ ಇದನ್ನು ಗಮನಿಸಿದರು. ಆಪರೇಷನ್ ಥಿಯೇಟರಿನೊಳಗೆ ಕರೆದರು. ಮೊದಲು ಕತ್ತರಿ, ಚಿಮಟ, ಸೂಜಿ ಎತ್ತಿಕೊಡುವ ಕೆಲಸ. ಓದು ಬಾರದವಳು ಎಲ್ಲವನ್ನೂ ನೋಡಿ ನೋಡಿಯೇ ನೆನಪಿಟ್ಟುಕೊಂಡಳು. ಆಮೇಲೆ ಸಣ್ಣ ಹೊಲಿಗೆ. ಆಮೇಲೆ ಅವರು ಪಕ್ಕದಲ್ಲಿ ನಿಂತು ನೋಡುತ್ತಿರುವಾಗ ಪೂರ್ತಿ ಆಪರೇಷನ್. ಫಿಸ್ಟುಲಾ ಹೊಲಿಯುವುದೆಂದರೆ ಆಳದಲ್ಲಿ, ಬೆರಳು ಆಡಿಸಲೂ ಜಾಗವಿಲ್ಲದ ಕಡೆ, ಒದ್ದೆ ಕಾಗದದಷ್ಟು ನವುರಾದ ಅಂಚುಗಳನ್ನು ಎಳೆಯದೆ ಹರಿಯದೆ ಕೂಡಿಸುವುದು. ಅದರಲ್ಲಿ ಆಕೆಯ ಕೈ ಎಷ್ಟು ಕುದುರಿತೆಂದರೆ, ಹೊರದೇಶಗಳಿಂದ ಕಲಿಯಲು ಬಂದ ಪ್ರೊಫೆಸರುಗಳು ಮಾಮಿಟು ಅವರ ಎದುರು ನಿಂತು ಪಾಠ ಹೇಳಿಸಿಕೊಂಡರು. 1989ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಕೊಟ್ಟ ಚಿನ್ನದ ಪದಕದಲ್ಲಿ ದಂಪತಿಯ ಜೊತೆ ಆಕೆಗೂ ಪಾಲಿತ್ತು. ಅಕ್ಷರ ಕಲಿಯಲೆಂದು ರಾತ್ರಿ ಶಾಲೆ ಸೇರಿದ್ದು ಆಮೇಲೆ. 2018ರಲ್ಲಿ ಬಿಬಿಸಿ ಆರಿಸಿದ ನೂರು ಮಹಿಳೆಯರಲ್ಲಿ ಆಕೆಯ ಹೆಸರೂ ಬಂತು. ಹೊರಗಿನಿಂದ ಬಂದವರು ಕೆಲಸ ಮಾಡಿಕೊಡುವುದು ಸುಲಭ. ಕತ್ತರಿಯನ್ನು ಊರಿನವಳ ಕೈಗಿಟ್ಟು ತಾವು ಪಕ್ಕಕ್ಕೆ ಸರಿಯುವುದಕ್ಕೆ ಬೇರೆಯೇ ಮನಸ್ಸು ಬೇಕು.

ಇನ್ನು ಆಸ್ಪತ್ರೆಯ ಚರಿತ್ರೆ. ಹಳ್ಳಿಗಳಿಂದ ಬರುವವರು ಹೆಚ್ಚಿದಂತೆ ಇವರಿಗೆಂದೇ ಬೇರೆ ಜಾಗ ಬೇಕಾಯಿತು. ನದಿ ಪಕ್ಕದ ಜಮೀನಿನಲ್ಲಿ 1974ರಲ್ಲಿ ಫಿಸ್ಟುಲಾ ಆಸ್ಪತ್ರೆ ಶುರುವಾಯಿತು. ಅದೇ ವರ್ಷ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಸೈನಿಕರು ಇಳಿಸಿದರು. ಪರದೇಶಿಗಳು ಗಂಟುಮೂಟೆ ಕಟ್ಟಿದರು, ಇವರು ಕಟ್ಟಲಿಲ್ಲ. ಚಿಕಿತ್ಸೆ ಅಂದಿನಿಂದಲೂ ಉಚಿತ. ವಾಸಿಯಾದವಳಿಗೆ ಹೊಸ ಉಡುಪು ತೊಡಿಸಿ, ಬಸ್ ಚಾರ್ಜ್ ಕೊಟ್ಟು ಊರಿಗೆ ಕಳಿಸುವುದು ಪದ್ಧತಿ.

ಆ ಚಕ್ರವರ್ತಿಯ ಕಾಲದಲ್ಲಿ ಭಾರತದಿಂದ ಬಹಳ ಮಂದಿ ಮೇಷ್ಟ್ರುಗಳು ಅಲ್ಲಿಗೆ ಪಾಠ ಹೇಳಲು ಹೋಗಿದ್ದರು. ಹಾಗೆ ಹೋಗಿಬಂದ ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಆಸ್ಪತ್ರೆಯ ವಿಷಯ ಕೇಳಿದರೆ ಮಾತು ಕಾಫಿಗೇ ಹೊರಳುತ್ತದೆ. "ಅಲ್ಲಿ ಕಾಫಿ ಅಂದ್ರೆ ಒಂದು ಗಂಟೆ ಕೆಲಸ ಕಣಪ್ಪ. ಹಸಿ ಬೀಜ ಎದುರಿಗೇ ಹುರೀತಾರೆ, ಹೊಗೆ ನಿನ್ನ ಮುಖದ ಹತ್ರ ತರ್ತಾರೆ, ಮೂಸಬೇಕು. ಆಮೇಲೆ ಕುಟ್ಟೋದು, ಮಣ್ಣಿನ ಜೆಬೆನಾದಲ್ಲಿ ಕುದಿಸೋದು. ಮೂರು ಸರ್ತಿ ಬಗ್ಗಿಸ್ತಾರೆ. ಮೊದಲ್ನೇದಕ್ಕೇ ಎದ್ದು ಹೊರಟರೆ ಮನೆಯವರಿಗೆ ಬೇಜಾರು." ಬಾಬಾಬುಡನ್ ಗಿರಿಗೆ ಯೆಮೆನ್ ದಾರಿಯಲ್ಲಿ ಬಂದ ಬೀಜದ ಮೂಲ ನೆಲ ಅದೇ ಆದ್ದರಿಂದ, ನಮಗೂ ಅಲ್ಲಿ ಒಂದು ಲೋಟದ ಹಕ್ಕಿದೆ ಎಂಬುದು ಅವರ ವಾದ.

1993ರಲ್ಲಿ ರೆಜಿನಾಲ್ಡ್ ತೀರಿಕೊಂಡರು, ಅಡಿಸ್ ಅಬಾಬದಲ್ಲೇ ಮಣ್ಣಾದರು. ಇನ್ನು ಹೇಗೆ ಎಂದು ಕ್ಯಾಥರೀನ್ ಕಂಗೆಟ್ಟಿದ್ದಾಗ, ಬಿಟ್ಟುಹೋಗಬೇಡಿ, ನಾವೆಲ್ಲ ಕೈಜೋಡಿಸುತ್ತೇವೆ ಎಂದು ಧೈರ್ಯ ಹೇಳಿದವನು ತೋಟದ ಮಾಲಿಯಂತೆ. ಅವರು ಉಳಿದರು. ಬಾಹಿರ್ ದಾರ್, ಮೆಕೆಲೆ, ಯಿರ್ಗಾಲೆಮ್, ಹರಾರ್, ಮೆಟ್ಟುವಿನಲ್ಲಿ ಶಾಖೆಗಳಾದವು. ವಾಸಿಯಾಗದ ಗಾಯದವರಿಗೆಂದು ನಗರದಾಚೆ 'ದೆಸ್ತಾ ಮೆಂದರ್' ಎಂಬ ಊರು ಕಟ್ಟಿದರು. ಸಂತೋಷದ ಹಳ್ಳಿ ಎಂದರ್ಥ. ಒಟ್ಟು 60,000ಕ್ಕೂ ಹೆಚ್ಚು ಹೆಂಗಸರಿಗೆ ಚಿಕಿತ್ಸೆ ಸಿಕ್ಕಿದೆ.

ಆದರೆ ಹೊಲಿಗೆ ಹಾಕಿದಷ್ಟೂ ಹೊಸಬರು ಬರುತ್ತಲೇ ಇದ್ದರು. ಹಳ್ಳಿಯಲ್ಲಿ ಪಳಗಿದ ಸೂಲಗಿತ್ತಿಯಿದ್ದು, ಹೊತ್ತಿಗೆ ಸರಿಯಾಗಿ ಸಿಸೇರಿಯನ್ ಆದರೆ ಈ ರೋಗಕ್ಕೆ ಎಡೆಯೇ ಇಲ್ಲ. ದಂಪತಿ ಮೊದಲು ಬಂದಿದ್ದೂ ಸೂಲಗಿತ್ತಿ ಶಾಲೆಗಾಗಿಯೇ. ಅದು ಹೆಚ್ಚು ಕಾಲ ನಡೆದಿರಲಿಲ್ಲ. 2007ರಲ್ಲಿ, ಎಂಬತ್ತು ದಾಟಿದ ಮೇಲೆ, ಕ್ಯಾಥರೀನ್ ಆ ಬಾಕಿ ತೀರಿಸಿದರು. ಹಳ್ಳಿಯ ಹುಡುಗಿಯರನ್ನೇ ಆರಿಸಿ, ನಾಲ್ಕು ವರ್ಷ ಕಲಿಸಿ, ತಮ್ಮ ಸೀಮೆಗೇ ಮರಳಿ ಕಳಿಸುವ ಕಾಲೇಜು ತೆರೆದರು. ದಾನದ ಹಣದಲ್ಲಿ ನಡೆಯುವ ಕೆಲಸ ಇದು. ಆಪರೇಷನ್ನಿಗೆ ದುಡ್ಡು ಕೊಡುವವರು ಸಿಗುತ್ತಾರೆ, ಆಗದೇ ಹೋದ ಗಾಯದ ಫೋಟೊ ತೆಗೆದು ಯಾರಿಗೆ ತೋರಿಸುವುದು?

ನ್ಯೂಯಾರ್ಕಿನಲ್ಲೂ ಒಂದು ಕಾಲಕ್ಕೆ ಇಂಥ ಹೆಂಗಸರಿಗೆಂದೇ ಆಸ್ಪತ್ರೆಯಿತ್ತು. ರೋಗಿಗಳು ಬರುವುದು ನಿಂತು ಅದರ ಅಗತ್ಯವೇ ಇಲ್ಲವಾಯಿತು. ಆ ಜಾಗದಲ್ಲೀಗ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿದೆ. ತಮ್ಮ ಆಸ್ಪತ್ರೆಗೂ ಹಾಗೆ ಕೆಲಸವಿಲ್ಲದ ದಿನ ಬರಲಿ ಎಂಬುದೇ ಕ್ಯಾಥರೀನ್ ಅವರ ಆಸೆಯಾಗಿತ್ತು. 2020ರ ಮಾರ್ಚ್‌ನಲ್ಲಿ, 96ನೇ ವಯಸ್ಸಿನಲ್ಲಿ, ಆಸ್ಪತ್ರೆಯ ಆವರಣದ ಮನೆಯಲ್ಲೇ ಅವರು ಕಣ್ಣುಮುಚ್ಚಿದರು. ಆಸ್ಪತ್ರೆಗೆ ಇನ್ನೂ ಕೆಲಸವಿದೆ.