ಕುರಿ ಕಾಯುವ ನಾಯಿಗೆ ಕುರಿಯ ಮದ್ದೇ ಮುಳುವು

ಸಿಂಧನೂರು ಸೀಮೆಯಲ್ಲಿ ಭತ್ತದ ಕಟಾವು ಮುಗಿಯಿತೆಂದರೆ ಕುರಿ ಮಂದೆಗಳು ಗದ್ದೆಗಿಳಿಯುತ್ತವೆ. ರಾತ್ರಿ ಹೊಲದಲ್ಲೇ ಕುರಿ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರ, ಕುರಿಗಾಹಿಗೆ ಕಾಸು, ಕಾಳು. ಮಂದೆಯ ಸುತ್ತ ಕಟ್ಟಿದ ಬಲೆಯ ಹೊರಗೆ ಕಿವಿ ನಿಮಿರಿಸಿ ಕೂತ ನಾಯಿ ತೋಳ, ಕಳ್ಳರಿಗೆ ಕಾವಲು. ಲಿಂಗಸುಗೂರು, ಮಸ್ಕಿ ಕಡೆಯ ಬಯಲಲ್ಲೂ ಈ ನಾಯಿ ಪರಿಚಿತ. ಮನೆಗೆ ಕೋಲಿ ಮರಿ ತರಬೇಕೆನ್ನುವವರು ಮೊದಲು ಇದನ್ನು ನೆನೆಯಬೇಕು. ರೇಷ್ಮೆಗೂದಲಿನ ಆ ವಿದೇಶಿ ನಾಯಿಯೂ ಕುರಿಹಟ್ಟಿಯ ಕೂಸೇ.

ಕೋಲಿಯ ತವರು ಸ್ಕಾಟ್ಲೆಂಡಿನ ಗುಡ್ಡಗಾಡು. 1860ರ ದಶಕದಲ್ಲಿ ವಿಕ್ಟೋರಿಯಾ ರಾಣಿ ಮೆಚ್ಚಿ ಸಾಕಿದ ಮೇಲೆ ಅದು ಅರಮನೆ ಸೇರಿತು. ಎರಿಕ್ ನೈಟ್ 1938ರಲ್ಲಿ ಬರೆದ ಲ್ಯಾಸಿ ಎಂಬ ಕೋಲಿಯ ಕಥೆ 1943ರಲ್ಲಿ ಸಿನಿಮಾ ಆದಾಗ ಜಗತ್ತಿನ ಮಕ್ಕಳೆಲ್ಲ ಅಂಥದ್ದೊಂದು ನಾಯಿಗೆ ಹಂಬಲಿಸಿದರು.

ಕೂಡಿಸುವ ಹುಟ್ಟುಗುಣ

ನಮ್ಮ ಮಂದೆಯ ನಾಯಿಯದು ಕಾಯುವ ಕೆಲಸ, ಕೋಲಿಯದು ಚದುರಿದ ಕುರಿಗಳನ್ನು ಕೂಡಿಸುವ ಕೆಲಸ. ಮನೆಯಲ್ಲಿ ಕುರಿ ಇರದಿದ್ದರೆ ಮಕ್ಕಳೇ ಅದರ ಮಂದೆ. ಅಂಗಳದಲ್ಲಿ ಓಡುವ ಮಕ್ಕಳನ್ನು ಸುತ್ತುಹಾಕಿ ಒಂದೆಡೆ ಸೇರಿಸಲು ನೋಡುತ್ತದೆ, ಕೆಲವೊಮ್ಮೆ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಅದು ಸಿಟ್ಟಲ್ಲ. ಗದರಿದರೆ ಮುದುಡುವ ಸೂಕ್ಷ್ಮ ಜೀವವಿದು. ಕರೆದು, ಕೂರಿಸಿ, ಮೆಚ್ಚಿ ತಿದ್ದಿದರೆ ಬೇಗ ಕಲಿಯುತ್ತದೆ. ಸರಪಳಿಗೆ ಕಟ್ಟಿ ಒಂಟಿಯಾಗಿ ಬಿಟ್ಟರೆ ಬೊಗಳಿ ಬೊಗಳಿ ಸೊರಗುತ್ತದೆ. ಅದಕ್ಕೆ ದಿನವೂ ಓಡಾಟ ಬೇಕು, ಮನೆಯವರ ಜೊತೆ ಬೇಕು.

ಬಿಸಿಲು ಮತ್ತು ಕೂದಲು

ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕೋಲಿಯ ಮೈಮೇಲೆ ಎರಡು ಪದರ ಕೂದಲು. ಪಾಪವೆಂದು ಬೋಳಿಸಬೇಡಿ. ಬೋಳು ಚರ್ಮ ಬಿಸಿಲಿಗೆ ಸುಡುತ್ತದೆ, ಮತ್ತೆ ಬರುವ ಕೂದಲು ಮೊದಲಿನಂತಿರುವುದಿಲ್ಲ. ವಾರಕ್ಕೆ ಎರಡು ಮೂರು ಸಲ ಬುಡದವರೆಗೆ ಬಾಚಿ ಒಳಪದರದ ಸತ್ತ ಕೂದಲು ತೆಗೆಯಿರಿ, ಉಣುಗು ಹತ್ತಿದೆಯೇ ನೋಡಿ. ಹೊರಗಿನ ಓಡಾಟವೆಲ್ಲ ಹೊತ್ತು ಮೂಡುವ ಮುಂಚೆ, ಇಲ್ಲವೇ ನೆಲ ತಣಿದ ಮೇಲೆ. ಏದುಸಿರು ನಿಲ್ಲದೆ ಜೊಲ್ಲು ಸುರಿಸಿ ತೂರಾಡಿದರೆ ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಹಾಕಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ಐವರ್ಮೆಕ್ಟಿನ್ ಎಂಬ ಗಂಡಾಂತರ

ನಮ್ಮ ಸೀಮೆಯವರು ತಪ್ಪದೆ ತಿಳಿಯಬೇಕಾದ ಮಾತು ಇದು. ಕುರಿಯ ಜಂತು, ಕಜ್ಜಿಗೆ ಕೊಡುವ ಐವರ್ಮೆಕ್ಟಿನ್ ಎಷ್ಟೋ ಕೋಲಿಗಳಿಗೆ ವಿಷ. ಮಿದುಳಿಗೆ ಬಂದ ಔಷಧಿಯನ್ನು ಹೊರಗೆ ತಳ್ಳುವ ಪ್ರೋಟೀನೊಂದು ಸಾಮಾನ್ಯವಾಗಿ ನಾಯಿಗಳಲ್ಲಿ ಇರುತ್ತದೆ. ಅದನ್ನು ತಯಾರಿಸುವ ಎಂ.ಡಿ.ಆರ್.-1 ಎಂಬ ವಂಶವಾಹಿ ಕೆಟ್ಟಿದ್ದರೆ ಮಿದುಳಿನ ಬಾಗಿಲು ಕಾಯುವವರೇ ಇಲ್ಲ. ವಿಜ್ಞಾನಿಗಳು ಈ ದೋಷ ಪತ್ತೆ ಮಾಡಿದ್ದು 2001ರಲ್ಲಿ. ಅಮೆರಿಕದ ಕೋಲಿಗಳಲ್ಲಿ ಸುಮಾರು ಶೇ 70ರಷ್ಟರಲ್ಲಿ ಅದು ಒಂದಲ್ಲ ಒಂದು ಪ್ರಮಾಣದಲ್ಲಿದೆ. ಔಷಧಿ ಮಿದುಳು ಸೇರಿದರೆ ನಾಯಿ ತೂರಾಡುತ್ತದೆ, ಕಣ್ಣು ಕಾಣದಾಗುತ್ತದೆ, ಎಚ್ಚರ ತಪ್ಪುತ್ತದೆ, ಸಾಯಲೂಬಹುದು. ಇದಕ್ಕೆ ನಿರ್ದಿಷ್ಟ ಮರುಮದ್ದಿಲ್ಲ.

ಚುಚ್ಚುಮದ್ದಿನಿಂದಷ್ಟೇ ಅಪಾಯವಲ್ಲ. ಔಷಧಿ ಕುಡಿಸಿದ ಕುರಿಯ ಹಿಕ್ಕೆ ತಿಂದರೂ, ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕಿದರೂ ಸಾಕು. ಆದ್ದರಿಂದ ಪಕ್ಕದ ಹೊಲದಲ್ಲಿ ಮಂದೆ ಇಳಿದಾಗ ಕುರಿಗಾಹಿಯನ್ನು ಕೇಳಿ ತಿಳಿದುಕೊಳ್ಳಿ, ನಾಯಿಯನ್ನು ಅತ್ತ ಬಿಡಬೇಡಿ. ಭೇದಿ ನಿಲ್ಲಲು ಮನುಷ್ಯರು ನುಂಗುವ ಲೋಪರಮೈಡ್ ಮಾತ್ರೆಯೂ ಇಂಥ ಕೋಲಿಗೆ ಆಗದು. ಗದ್ದೆಯಲ್ಲಿಟ್ಟ ಇಲಿ ಪಾಷಾಣವಂತೂ ಯಾವ ನಾಯಿಯನ್ನೂ ಬಿಡುವುದಿಲ್ಲ.

ಇಷ್ಟು ಜತನ ಸಾಧ್ಯವಾಗದಿದ್ದರೆ ಕೋಲಿ ಬೇಡ. ಗಿಡ್ಡ ಕೂದಲಿನ ಮುಧೋಳ ನಾಯಿ ನಮ್ಮ ಬಿಸಿಲಲ್ಲೇ ಹುಟ್ಟಿ ಬೆಳೆದದ್ದು. ಮುಧೋಳದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಇದೆ. ಆ ನಾಯಿಗೂ ಓಡಲು ಬಯಲು ಬೇಕು ಎಂಬುದು ನೆನಪಿರಲಿ.

ಕೋಲಿಯೇ ಬೇಕೆಂದರೆ ರೇಬಿಸ್, ಪಾರ್ವೋ, ಡಿಸ್ಟೆಂಪರ್ ಲಸಿಕೆಗಳನ್ನು ಹೊತ್ತಿಗೆ ಸರಿಯಾಗಿ ಹಾಕಿಸಿ. ಮರಿ ಮನೆಗೆ ಬಂದ ದಿನವೇ ಅದರ ಲಸಿಕೆ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ಬರೆದಿಡಿ: ‘ಇದು ಕೋಲಿ. ಐವರ್ಮೆಕ್ಟಿನ್ ಕೊಡುವ ಮುನ್ನ ಯೋಚಿಸಿ.’ ನೀವು ಊರಲ್ಲಿಲ್ಲದ ದಿನ ಬೇರೆ ಯಾರೋ ಅದನ್ನು ಆಸ್ಪತ್ರೆಗೆ ಒಯ್ದರೆ, ಆ ಒಂದು ಸಾಲೇ ಅದರ ಜೀವ ಉಳಿಸುತ್ತದೆ.