ಬೈಲಿಫನ ಅಧಿಕಾರವೂ ಮನೆಯ ಹೊಸ್ತಿಲೂ

ಇಂಗ್ಲಿಷಿನ ‘ಬೈಲಿಫ್’ ಎಂಬ ಶಬ್ದಕ್ಕೆ ಮೂಲವು ಲ್ಯಾಟಿನ್ನಿನ ‘ಬಾಯುಲುಸ್’. ಭಾರವನ್ನು ಹೊರುವವನೆಂದು ಅದರ ಅರ್ಥ. ಹೊರೆಯಾಳಿಗೆ ಸಲ್ಲುತ್ತಿದ್ದ ಪದವು ಕಾಲಕ್ರಮದಲ್ಲಿ ಕಾರ್ಯಭಾರವನ್ನು ಹೊತ್ತ ಅಧಿಕಾರಿಗೂ, ಕಡೆಗೆ ಬಾಕಿದಾರನ ಸೊತ್ತನ್ನು ಹಿಡಿಯುವವನಿಗೂ ಸಂದಿತು. ಕನ್ನಡನಾಡಿನ ನ್ಯಾಯಸ್ಥಾನಗಳಲ್ಲಿ ಅವನಿಗೆ ಸಮಾನನಾದ ‘ಅಮೀನ’ನ ಹೆಸರಿನ ಗತಿಯೂ ವಿಚಿತ್ರವಾದುದೇ. ಅರಬ್ಬಿಯಲ್ಲಿ ಅದಕ್ಕೆ ನಂಬಿಕೆಗೆ ಪಾತ್ರನೆಂಬ ಅರ್ಥವುಂಟು. ಬಾಗಿಲಲ್ಲಿ ಅಮೀನನನ್ನು ಕಂಡ ಗೃಹಸ್ಥನಿಗೆ ಆ ಅರ್ಥವು ಹೊಳೆಯುವುದು ದುರ್ಲಭ. ಜಪ್ತಿಗೆ ಇಂಗ್ಲೆಂಡಿನ ಹಳೆಯ ನ್ಯಾಯಶಾಸ್ತ್ರದಲ್ಲಿ ‘ಡಿಸ್ಟ್ರೆಸ್’ ಎಂದು ಹೆಸರು. ಸಂಕಟವೆಂಬ ಅರ್ಥದ ಪದವೂ ಅದೇ ಆಗಿರುವುದು ಕೇವಲ ಆಕಸ್ಮಿಕವಲ್ಲ.

ಆ ದೇಶದ ಸ್ಥಾನಿಕ ಸಭೆಗಳು ಮನೆಗಳ ಮೇಲೆ ವಿಧಿಸುವ ಕೌನ್ಸಿಲ್ ತೆರಿಗೆಯು 1992ರ ಶಾಸನದಿಂದ ಏರ್ಪಟ್ಟು, ಬಹುಜನರ ದ್ವೇಷಕ್ಕೆ ಗುರಿಯಾಗಿದ್ದ ತಲೆಗಂದಾಯದ ಸ್ಥಾನದಲ್ಲಿ 1993ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ತೆರಿಗೆಯು ಬಾಕಿಯಾದೊಡನೆಯೇ ಸಭೆಯು ಬೈಲಿಫನನ್ನು ಅಟ್ಟಲಾರದು. ಮೊದಲು ಜ್ಞಾಪನಪತ್ರ; ಬಳಿಕ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ; ಬಾಕಿಯು ನಿಜವೆಂದು ಅವರಿಂದ ಆಜ್ಞೆಯಾದ ಮೇಲೆ ಮಾತ್ರ ಜಪ್ತಿಯ ಮಾತು. 2007ರ ಶಾಸನದ ಜಪ್ತಿಗೆ ಸಂಬಂಧಿಸಿದ ಭಾಗವು 2014ರ ಏಪ್ರಿಲಿನಲ್ಲಿ ಆಚರಣೆಗೆ ಬಂದಾಗ ಇವನಿಗೆ ‘ಎನ್‌ಫೋರ್ಸ್‌ಮೆಂಟ್ ಏಜೆಂಟ್’ ಎಂಬ ಹೊಸ ಹೆಸರಾಯಿತು. ಜನರ ಬಾಯಲ್ಲಿ ಬೈಲಿಫನು ಬೈಲಿಫನಾಗಿಯೇ ಉಳಿದಿರುವನು.

ಇವನ ಅಧಿಕಾರದ ಮರ್ಮವೆಲ್ಲವೂ ಹೊಸ್ತಿಲಲ್ಲಿದೆ. 1604ರ ಸೆಮೇನನ ವ್ಯಾಜ್ಯದಲ್ಲಿ, ಪ್ರಜೆಗಳೊಳಗಿನ ಸಾಲಕ್ಕಾಗಿ ಷರೀಫನು ಮನೆಯ ಹೊರಬಾಗಿಲನ್ನು ಒಡೆಯಕೂಡದೆಂದೂ, ಅರಸನೇ ಕಕ್ಷಿಯಾಗಿರುವಲ್ಲಿ ಬಾಗಿಲು ತೆರೆಯಲು ಕೇಳಿದ ಬಳಿಕ ಒಡೆಯಬಹುದೆಂದೂ ತೀರ್ಪಾಯಿತು. ಕೌನ್ಸಿಲ್ ತೆರಿಗೆಯು ಸಾರ್ವಜನಿಕ ಋಣವಾದರೂ ಪ್ರಜೆಗಳೊಳಗಿನ ಸಾಲದ ರಕ್ಷೆಯೇ ಅದಕ್ಕೂ ದೊರೆತಿರುವುದು ಗಮನಾರ್ಹ. ಮೊದಲ ಬಾರಿಗೆ ಬಂದ ಬೈಲಿಫನು ಬಲಾತ್ಕಾರದಿಂದ ಒಳಹೊಗಲಾರನು. ಕಿಟಕಿಯ ಮೂಲಕವೂ ಕೂಡದು. ಏಳು ಪೂರ್ಣ ದಿನಗಳ ಮುನ್ಸೂಚನೆಯಿರಬೇಕು. ಸಾಮಾನ್ಯವಾಗಿ ಬೆಳಗಿನ 6 ಗಂಟೆಯಿಂದ ರಾತ್ರಿ 9ರ ಒಳಗೆ ಬರಬೇಕು. ಹದಿನಾರು ತುಂಬದ ಮಕ್ಕಳು ಮಾತ್ರ ಇರುವ ಮನೆಯನ್ನು ಪ್ರವೇಶಿಸಬಾರದು. ಆದರೆ ಬಾಗಿಲನ್ನು ತೆರೆದು ಅವನನ್ನು ಬರಮಾಡಿಕೊಂಡು, ವಸ್ತುಗಳ ಪಟ್ಟಿಗೆ ಒಪ್ಪಿ ಮುಚ್ಚಳಿಕೆ ಬರೆದುಕೊಟ್ಟವನ ಸ್ಥಿತಿಯು ಬೇರೆ. ವಸ್ತುಗಳು ಮನೆಯಲ್ಲಿಯೇ ಇದ್ದರೂ ಅವು ಹಿಡಿತಕ್ಕೆ ಒಳಪಟ್ಟವು. ಕಂತು ತಪ್ಪಿದರೆ, ಸೂಚನೆಯಿತ್ತು ಮರಳಿ ಬಂದಾಗ ಬಾಗಿಲನ್ನು ಬಲದಿಂದ ತೆರೆಯುವ ಹಕ್ಕು ಅವನಿಗುಂಟು. ಬಡವರಿಗೆ ತಿಳಿಯದೆ ಹೋಗುವುದು ಬಹುಮಟ್ಟಿಗೆ ಈ ಭೇದವೇ. ಬೀದಿಯಲ್ಲಿ ನಿಲ್ಲಿಸಿದ ಬಾಕಿದಾರನ ಮೋಟಾರು ಗಾಡಿಗಂತೂ ಹೊಸ್ತಿಲಿನ ಆಶ್ರಯವಿಲ್ಲ.

ಒಳಹೊಕ್ಕ ಮೇಲೆಯೂ ಎಲ್ಲವನ್ನೂ ಹೊರಿಸಿಕೊಂಡು ಹೋಗಲಾಗದು. ಹಾಸಿಗೆ, ಉಡುಪು, ಒಲೆ, ಮನೆಮಂದಿಗೆ ಸಾಲುವಷ್ಟು ಮೇಜು ಕುರ್ಚಿಗಳು, ಒಟ್ಟು 1350 ಪೌಂಡು ಬೆಲೆಯ ಒಳಗಿನ ಕಸುಬಿನ ಉಪಕರಣಗಳು—ಇವು ಬಿಡತಕ್ಕವು. ಭಾರತದಲ್ಲಿಯೂ ಸಿವಿಲ್ ಡಿಕ್ರಿಯ ಜಾರಿಗೆ ಸಂಬಂಧಿಸಿದ 1908ರ ಸಂಹಿತೆಯ 60ನೆಯ ವಿಧಿಯು ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತ್ಯಾರು, ಒಕ್ಕಲಿಗನ ಬೇಸಾಯದ ಸಾಧನ ಮುಂತಾದವನ್ನು ಕಾಪಾಡಿರುವುದು. ಬಾಗಿಲಿನ ವಿಷಯದಲ್ಲಿ ಮಾತ್ರ ಇಲ್ಲಿಯ ವಿಧಿಯು ಸಡಿಲ: ಸೂರ್ಯಾಸ್ತಮಯದಿಂದ ಸೂರ್ಯೋದಯದವರೆಗೆ ಪ್ರವೇಶ ಕೂಡದಾದರೂ, ಪ್ರವೇಶಕ್ಕೆ ಅಡ್ಡಿಪಡಿಸುವ ಋಣಿಯ ಸ್ವಂತ ವಾಸಗೃಹದ ಹೊರಬಾಗಿಲನ್ನು ಒಡೆಯಬಹುದು. ದುಡಿಮೆಗೆ ಭಂಗ ಬಾರದಂತೆ ಋಣವನ್ನು ವಸೂಲು ಮಾಡಬೇಕೆಂಬ ಭಾವನೆಯು ಇನ್ನೂ ಪ್ರಾಚೀನವಾದುದು. ಕೆಲಸದ ಕಾಲದಲ್ಲಿ ಕೃಷಿಕರನ್ನೂ ರಾಜಪುರುಷರನ್ನೂ ಸಾಲಕ್ಕಾಗಿ ಹಿಡಿಯಬಾರದೆಂದು ಕೌಟಿಲ್ಯನು ಅರ್ಥಶಾಸ್ತ್ರದ ಧರ್ಮಸ್ಥೀಯಾಧಿಕರಣದಲ್ಲಿ ವಿಧಿಸಿರುವನು.

ಇಂಗ್ಲೆಂಡಿನ ಕ್ರಮದಲ್ಲಿ ಅತಿಕಠಿನವಾದುದು ಶುಲ್ಕ. 2014ರ ನಿಯಮದಂತೆ, ಕಡತವು ಬೈಲಿಫನ ಕೈಸೇರಿದೊಡನೆಯೇ 75 ಪೌಂಡು, ಅವನು ಮನೆಗೆ ಬಂದರೆ ಮತ್ತೆ 235 ಪೌಂಡು, ಬಾಕಿದಾರನ ಲೆಕ್ಕಕ್ಕೆ ಸೇರುತ್ತಿದ್ದವು. ತೆರಲಾರದುದಕ್ಕೇ ಬೆಳೆಯುವ ಈ ಋಣದ ಕೊನೆಯ ಶಿಕ್ಷೆಯಾಗಿದ್ದ ಸೆರೆವಾಸವನ್ನು ವೇಲ್ಸ್ ಪ್ರಾಂತವು 2019ರ ಏಪ್ರಿಲಿನಲ್ಲಿ ತೆಗೆದುಹಾಕಿತು.