ತಿಳಿನೀರು ಹೇಳದ ಸತ್ಯ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ಫರ್ಸಿ ಕಲ್ಲು ತೆಗೆದು ಬಿಟ್ಟ ಗಣಿಗಳಲ್ಲಿ ಮಳೆನೀರು ನಿಲ್ಲುತ್ತದೆ. ರಾಡಿ ತಳಕ್ಕಿಳಿದ ಮೇಲೆ ಕಲ್ಲಿನ ಪದರುಗಳನ್ನೂ ಎಣಿಸುವಷ್ಟು ತಿಳಿ. ‘ತಳ ಕಾಣೋ ನೀರಿಗಿ ಏನ್ ಆಗ್ತದ?’ ಎಂದು ಬೊಗಸೆಯೊಡ್ಡುವವರಿದ್ದಾರೆ. ಕೆರೆ, ಬಾವಿ, ಗಣಿಗುಂಡಿಗಳ ಬಗ್ಗೆ ಇದಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿಲ್ಲ.

ಮಲದ ಜೊತೆ ನೀರಿಗಿಳಿಯುವ ಇ. ಕೋಲಿ ಬ್ಯಾಕ್ಟೀರಿಯಾದ ಉದ್ದ ಒಂದು ಮಿಲಿಮೀಟರಿನ ಸುಮಾರು ಐನೂರನೇ ಒಂದು ಪಾಲು. ಸಾವಿರಾರು ಸೇರಿದರೂ ಲೋಟದ ನೀರು ಮಬ್ಬಾಗುವುದಿಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹಬ್ಬಿಸಿದ ಪಂಪಿನ ನೀರನ್ನು ಜನ ರುಚಿಗಾಗಿಯೇ ಇಷ್ಟಪಡುತ್ತಿದ್ದರು.

ಎರಡನೆಯ ನಂಬಿಕೆ ಅಡುಗೆಮನೆಯದು. ತೊಗರಿ ಬೇಳೆ ಬೇಯದಿದ್ದರೆ, ಪಾತ್ರೆಗೆ ಬಿಳಿ ಪೊರೆ ಹಿಡಿದರೆ, ನೀರು ಹೊಲಸು ಎಂಬ ತೀರ್ಮಾನ. ಇದು ಸುಣ್ಣಕಲ್ಲಿನ ನಾಡು. ಕಲ್ಲಿನಿಂದ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಪೆಕ್ಟಿನ್ ಅನ್ನು ಗಟ್ಟಿಯಾಗಿ ಹಿಡಿಯುತ್ತವೆ, ಕುಕ್ಕರ್ ಎಷ್ಟು ಸೀಟಿ ಹಾಕಿದರೂ ಬೇಳೆ ಕಾಳುಕಾಳಾಗಿಯೇ ಉಳಿಯುತ್ತದೆ. ಅದು ಗಡಸು ನೀರು, ಅಷ್ಟೇ. ಚರಂಡಿಗೂ ಅದಕ್ಕೂ ಸಂಬಂಧವಿಲ್ಲ.

ಈ ಗೊಂದಲವನ್ನು ಟಿಡಿಎಸ್ ಮೀಟರ್ ಇನ್ನಷ್ಟು ಬಲಪಡಿಸಿದೆ. ಪೆನ್ನಿನಂಥ ಈ ಸಾಧನ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಕರಗಿದ ಲವಣವನ್ನು ಅಂದಾಜಿಸುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ಮೂಲವಿಲ್ಲದ ಕಡೆ 2000ದವರೆಗೆ. ಆದರೆ ಬ್ಯಾಕ್ಟೀರಿಯಾವನ್ನು ಮೀಟರ್ ಎಣಿಸುವುದೇ ಇಲ್ಲ. ಸುಣ್ಣಕಲ್ಲಿನ ನಡುವಿನ ಶುದ್ಧ ಕೊಳವೆಬಾವಿ 900 ತೋರಿಸಬಹುದು, ಮಳೆಗಾಲದಲ್ಲಿ ಗಟಾರದ ನೀರು ಬೆರೆತ ಕೆರೆ 300 ತೋರಿಸಬಹುದು. ಮನೆಬಾಗಿಲಿಗೆ ಬಂದು ಎರಡು ಕಡ್ಡಿ ಅದ್ದಿ ನೀರನ್ನು ಕಂದಾಗಿಸಿ ಹೆದರಿಸುವ ಪ್ರಯೋಗವೂ ಇದೇ ಜಾತಿಯದು: ಕಾಣುವ ಕಂದು ಬಣ್ಣ ಕಡ್ಡಿಯ ಕಬ್ಬಿಣದ್ದು.

ಮೀನು ಬದುಕಿದ್ದರೆ ಕೆರೆ ಚೊಕ್ಕ ಎನ್ನುವುದೂ ಪೂರ್ತಿ ನಿಜವಲ್ಲ. ಮನುಷ್ಯನ ಕರುಳಿನ ರೋಗಾಣು ಮೀನನ್ನು ಕಾಡಬೇಕೆಂದಿಲ್ಲ. ಮೀನನ್ನು ಕೊಲ್ಲುವುದು ಹೆಚ್ಚಾಗಿ ಆಮ್ಲಜನಕದ ಕೊರತೆ; 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದವು. ಕೊಳೆನೀರಿನ ಗೊಬ್ಬರ ಉಂಡ ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಬಳಸಿಕೊಳ್ಳುತ್ತದೆ. ಹಾಗಾಗಿ ಮಧ್ಯಾಹ್ನದ ಪರೀಕ್ಷೆಯಲ್ಲಿ ಪಾಸಾದ ಕೆರೆ ನಸುಕಿನಲ್ಲಿ ಉಸಿರುಗಟ್ಟಿರುತ್ತದೆ.

‘ಹರಿಯೋ ನೀರಿಗಿ ದೋಷ ಇಲ್ಲ’ ಎಂಬ ಮಾತನ್ನು ಚಿಂಚೋಳಿಯ ಮುಲ್ಲಾಮಾರಿ ನದಿ, ಅದು ಸೇರುವ ಕಾಗಿಣಾ ನೋಡಿ ಒಪ್ಪುವುದು ಕಷ್ಟ. ಹರಿವು, ಬಿಸಿಲು ರೋಗಾಣು ತಗ್ಗಿಸುತ್ತವೆ, ನಿಜ. ಮುಂದಿನ ಊರಿನ ಗಟಾರ ಮತ್ತೆ ತುಂಬುತ್ತದೆ.

ಹಾಗಾದರೆ ಪತ್ತೆ ಹೇಗೆ? 1982ರಲ್ಲಿ ಮಾಂಜಾ, ಮೌರ್ಯ, ರಾವ್ ಎಂಬ ಭಾರತೀಯ ವಿಜ್ಞಾನಿಗಳು ಒಂದು ಸರಳ ದಾರಿ ತೋರಿಸಿದರು. ರಾಸಾಯನಿಕ ಹೀರಿದ ಕಾಗದದ ಚೂರಿರುವ ಚಿಕ್ಕ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಡಬೇಕು. ಮಲದ ಜೊತೆಗಿನ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಟ್ಟರೆ ಅದು ಕಬ್ಬಿಣದೊಂದಿಗೆ ಸೇರಿ, ಒಂದೆರಡು ದಿನದಲ್ಲಿ ನೀರು ಕಾಡಿಗೆಯಂತೆ ಕಪ್ಪಾಗುತ್ತದೆ. ಬಾವಿ, ನಲ್ಲಿ ನೀರಿಗೆ ಇದು ಒಳ್ಳೆಯ ಎಚ್ಚರಿಕೆ. ಕೆರೆಗೆ ಸಾಲದು, ದನಕರು, ಹಕ್ಕಿಗಳಿಂದಲೂ ಬಾಟಲಿ ಕಪ್ಪಾದೀತು. ಅಲ್ಲಿ ಲೆಕ್ಕ ಬೇಕು: ಸ್ನಾನಕ್ಕೆ ಯೋಗ್ಯವೆನ್ನಲು 100 ಮಿಲಿಲೀಟರಿನಲ್ಲಿ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500ರೊಳಗಿರುವುದು ಒಳ್ಳೆಯದು, 2500 ಮೀರುವಂತಿಲ್ಲ, ಬಿಒಡಿ, ಅಂದರೆ ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕ, ಲೀಟರಿಗೆ 3 ಮಿಲಿಗ್ರಾಂ ಒಳಗಿರಬೇಕು. ಕುಡಿಯುವ 100 ಮಿಲಿಲೀಟರಿನಲ್ಲಿ ಒಂದೇ ಒಂದು ಇ. ಕೋಲಿಯೂ ಕಾಣಬಾರದು.

ಮಾದರಿ ತೆಗೆಯುವ ಬಗೆಯೂ ಮುಖ್ಯ. ದಡದ ತೆಳುನೀರು ತುಂಬಿ ಕಳಿಸಿದರೆ ಫಲವಿಲ್ಲ. ಕ್ರಿಮಿಮುಕ್ತ ಬಾಟಲಿಯನ್ನು ಬೋರಲಾಗಿ ಸುಮಾರು 30 ಸೆಂಟಿಮೀಟರ್ ಕೆಳಗಿಳಿಸಿ, ಅಲ್ಲಿ ತಿರುಗಿಸಿ ತುಂಬಬೇಕು. ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಹೆಚ್ಚೆಂದರೆ 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಒಂದು ಬಾಟಲಿ ಗಟಾರ ಬಂದು ಸೇರುವ ಬಾಯಲ್ಲಿ, ಇನ್ನೊಂದು ಎದುರು ದಂಡೆಯಲ್ಲಿ.